ಅಪ್ಪ ನೋಡಬೇಕಾಗಿದ್ದ ಗೋಲು

ಕೆಲವರ ಮನೆಗೆ ಬೆಕ್ಕು ತಾನಾಗಿ ಹುಡುಕಿಕೊಂಡು ಬರ್ತದೆ. ನನ್ನ ಅಡಿಗೆಮನೆಗೆ ನಗಾಡುವ ಸಂಗತಿಗಳು ಬರುವುದು ಹಾಗೆ. ನಾನು ಕರೆದದ್ದೂ ಇಲ್ಲ, ಓಡಿಸಿದರೆ ಅವು ಹೋದದ್ದೂ ಇಲ್ಲ.

ನಾನು ಉಡುಪಿ ಕಡೆಯವಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಈಗ ಲಂಡನ್ನಿನ ಫೆಲ್ಥಮ್ಮಿಗೆ ಬಂದು ಹೊಟ್ಟೆಪಾಡಿಗೆ ಇಂಗ್ಲಿಷ್. ಗಂಡ ಏರ್‌ಪೋರ್ಟಿನಲ್ಲಿ ಲಗೇಜ್ ವಿಭಾಗದಲ್ಲಿದ್ದಾರೆ. ನಾನು ಮೊದಲು ಪಾರ್ಕ್ ರಾಯಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಸ್ಯಾಂಡ್‌ವಿಚ್ಚಿನೊಳಗೆ ಸೌತೆಕಾಯಿ ಇಡುವ ಕೆಲಸ ಮಾಡ್ತಿದ್ದೆ. ಇಡೀ ದಿನ ಸೌತೆಕಾಯಿ. ಕನಸಿನಲ್ಲೂ ಸೌತೆಕಾಯಿ. ಸಾಕಪ್ಪಾ ಅಂತ ಬಿಟ್ಟು ಒಂದು ಫುಟ್‌ಬಾಲ್ ಕ್ಲಬ್ಬಿನ ಅಡಿಗೆಗೆ ಸೇರಿದೆ. ಫುಟ್‌ಬಾಲ್ ಕ್ಲಬ್ ಅಂದ ಕೂಡಲೇ ಟಿವಿಯಲ್ಲಿ ಬರುವ ದೊಡ್ಡ ಟೀಮು ಅಂದ್ಕೊಳ್ಬೇಡಿ ಮಾರಾಯ್ರೆ. ನಮ್ಮದು ಕೆಳಗಿನ ಡಿವಿಜನ್. ಮೈದಾನದ ಮೇಲೆ ವಿಮಾನ ಹೋಗುವಾಗ ಮ್ಯಾನೇಜರ್ ಬೊಬ್ಬೆ ಹೊಡೆದದ್ದು ಯಾರಿಗೂ ಕೇಳುವುದಿಲ್ಲ. ವಿಮಾನ ಇಲ್ಲದಾಗ ಕೇಳ್ತದೆ, ಆದರೆ ಆಗಲೂ ಯಾರೂ ಅವರು ಹೇಳಿದ ಹಾಗೆ ಮಾಡುವುದಿಲ್ಲ.

ಈ ಕ್ಲಬ್ಬಿಗೆ ಬಂದವ ನಮ್ಮ ಬೋಸ್ನಿಯಾದವ. ಮಿಡ್‌ಫೀಲ್ಡರ್. ಆಟ ಶುರುಮಾಡಿದ್ದು ಜೆನಿತ್ಸಾ ಅಂತ ಅವನ ಊರಿನಲ್ಲಿ. ಆಮೇಲೆ ಕ್ರೊಯೇಷಿಯಾ, ಬೆಲ್ಜಿಯಂ, ಟರ್ಕಿ ಎಲ್ಲ ಸುತ್ತಿ, ಕೊನೆಗೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಹೆಂಡತಿ ಮಗಳ ಜೊತೆ ಲಂಡನ್ನಿಗೆ ಬಂದ. ಬೇರೆ ಎಲ್ಲ ದೇಶದಲ್ಲಿ ಅಷ್ಟೋ ಇಷ್ಟೋ ಗೋಲು ಹೊಡೆದಿದ್ದ. ಇಂಗ್ಲೆಂಡಿನಲ್ಲಿ ಮಾತ್ರ ಒಂದೂ ಇಲ್ಲ.

ಅವನಿಗೆ ಇದ್ದದ್ದು ಒಂದೇ ಆಸೆ. ಇದು ಅವನ ಕೊನೆಯ ಟೀಮು. ಬೂಟು ಬಿಚ್ಚಿಡುವ ಮೊದಲು ಒಂದು ಗೋಲು ಹೊಡೀಬೇಕು, ಅದನ್ನು ಅವನ ಅಪ್ಪ ಕಣ್ಣಾರೆ ನೋಡ್ಬೇಕು. "ಯಾಕೆ, ಇಷ್ಟು ವರ್ಷ ಅಪ್ಪ ನೋಡ್ಲಿಲ್ವಾ?" ಅಂತ ಕೇಳಿದೆ. ಇಲ್ವಂತೆ! ಊರಿನಲ್ಲಿ ಆಡುವಾಗ ಅಪ್ಪ ಒಂದು ಮ್ಯಾಚೂ ತಪ್ಪಿಸಿದವರಲ್ಲ. ಆದರೆ ತಾನು ನೋಡಿದರೆ ಚೆಂಡು ಒಳಗೆ ಹೋಗುವುದಿಲ್ಲ ಅಂತ ಅವರ ನಂಬಿಕೆ. ಮಗ ಗೋಲಿನ ಹತ್ತಿರ ಬಂದ ಅಂದರೆ ಸಾಕು, ಅಪ್ಪ ಬೆನ್ನು ತಿರುಗಿಸಿ ನಿಲ್ತಾರೆ. ಮಗನ ಒಂದು ಗೋಲನ್ನೂ ಆ ಮನುಷ್ಯ ನೋಡಿದ್ದಿಲ್ಲ. ಮತ್ತೆ ಮಗ ದೇಶ ಬಿಟ್ಟ, ಅಪ್ಪನಿಗೆ ವಿಮಾನ ಹತ್ತಲು ಹೆದರಿಕೆ.

ಇನ್ನು ಕಥೆಗೆ ಬರುವ. ನಮ್ಮಿಬ್ಬರ ಮಾತೆಲ್ಲ ಒಡಕು ಇಂಗ್ಲಿಷಿನಲ್ಲಿ ನಡೆದದ್ದು. ಇಲ್ಲಿ ನನ್ನ ಕನ್ನಡದಲ್ಲಿ ಹೇಳ್ತೇನೆ.

ಗಾಳಿ

ಅವ ಬಂದ ಮೊದಲ ದಿನ. ಅಡಿಗೆಮನೆಯಲ್ಲಿ ಹಬೆ ತುಂಬಿತ್ತು. ಊಟದ ಹಾಲಿನ ಹಿಂದಿನ ಕಿಟಕಿ ತೆಗೆದೆ, ಎದುರಿನ ಬಾಗಿಲೂ ತೆಗೆದೆ. ಹುಡುಗರೆಲ್ಲ ಪ್ರಾಕ್ಟೀಸ್ ಮುಗಿಸಿ, ಸ್ನಾನ ಮಾಡಿ ಊಟಕ್ಕೆ ಕೂತಿದ್ದರು. ಈ ಮನುಷ್ಯ ಒಮ್ಮೆಲೇ ತಟ್ಟೆ ಹಿಡಿದುಕೊಂಡು ಎದ್ದು ಮೂಲೆಗೆ ಓಡಿದ!

"ಎಂತ ಆಯ್ತು ಮಾರಾಯ? ಜಿರಳೆಯಾ?" ಅಂತ ನನ್ನ ಎದೆ ಡವಡವ. ಅಡಿಗೆಯವಳಿಗೆ ಬೇರೆ ಎಂತ ಹೆದರಿಕೆ ಇರ್ತದೆ ಹೇಳಿ.

"ಗಾಳಿ! ಆ ಕಡೆಯಿಂದ ಈ ಕಡೆಗೆ ಗಾಳಿ! ನನ್ನ ತಲೆ ಒದ್ದೆ ಉಂಟು!"

ಅವರ ದೇಶದಲ್ಲಿ ಎರಡು ಕಡೆ ತೆರೆದು ನಡುವೆ ಬೀಸುವ ಗಾಳಿಯಷ್ಟು ಕೆಟ್ಟದ್ದು ಬೇರೆ ಇಲ್ವಂತೆ. ಕುತ್ತಿಗೆ ಹಿಡಿಯುವುದು, ಹಲ್ಲುನೋವು, ಸೊಂಟನೋವು ಎಲ್ಲ ಅದರಿಂದಲೇ. ಅವನ ಅತ್ತೆಯೊಬ್ಬಳ ಬಾಯಿ ವಾರೆಯಾದದ್ದೂ ಅದರಿಂದಲೇ. ಇಂಗ್ಲಿಷ್ ಹುಡುಗರು ಮೇಜು ಬಡಿದು ಬಡಿದು ನಗಾಡಿದರು. ಆಟಗಾರರ ಮೈಕೈ ನೋವು ನೋಡಿಕೊಳ್ಳುವ ಫಿಸಿಯೋ ಹುಡುಗಿ ಬಂದು, "ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ" ಅಂತ ಮೆಲ್ಲ ತಿಳಿಸಿ ಹೇಳಿದಳು.

ನನಗೆ ಪಿತ್ತ ನೆತ್ತಿಗೇರಿತು. "ಸುಮ್ನಿರು ಮಾರಾಯ್ತಿ! ಒದ್ದೆ ತಲೆಗೆ ಗಾಳಿ ತಾಗಿದರೆ ಶೀತ ಆಗ್ತದೆ ಅಂತ ನನ್ನ ಅಮ್ಮ, ಅಜ್ಜಿ, ಪಕ್ಕದಮನೆ ಬಾಯಮ್ಮ ಎಲ್ಲ ಹೇಳಿದ್ದು ಸುಳ್ಳಾ?" ಅಂತ ಕಿಟಕಿ ದಡ್ ಅಂತ ಹಾಕಿ, ಒಗೆದ ಟವಲು ತಂದು, ಆರಡಿ ಆಳಿನ ತಲೆಯನ್ನು ಗಸಗಸ ಒರೆಸಿದೆ. ಅವನ ಕಣ್ಣಲ್ಲಿ ನೀರು. "ಇಷ್ಟು ದೇಶ ಸುತ್ತಿದೆ. ನನ್ನ ಮಾತು ನಂಬಿದವರು ನೀವೊಬ್ಬರೇ" ಅಂದ. ಅವತ್ತಿನಿಂದ ನಾನು ಅವನಿಗೆ ತೇತಾ ಆದೆ. ಅಂದರೆ ಚಿಕ್ಕಮ್ಮ.

ನನ್ನ ಬಲ ಸಿಕ್ಕಿದ್ದೇ ಅವನಿಗೆ ಧೈರ್ಯ ಬಂತು. ಆಟಗಾರರು ಬಟ್ಟೆ ಬದಲಿಸುವ ರೂಮಿನ ಕಿಟಕಿಗಳನ್ನೆಲ್ಲ ಗಟ್ಟಿಯಾಗಿ ಹಾಕಿಬಿಟ್ಟ. ಆಗ ಬಂತು ನೋಡಿ ಸೆಕೆ. ಇಲ್ಲಿ ಸೆಕೆ ಬಂದರೆ ಊರಿಗೆ ಊರೇ ಫ್ಯಾನ್ ಹುಡುಕಿಕೊಂಡು ಅಂಗಡಿಗೆ ಓಡ್ತದೆ. ಅಂಥ ದಿನ ಮ್ಯಾಚಿನ ಅರ್ಧದಲ್ಲಿ ಮ್ಯಾನೇಜರ್ ಬೈಯಲಿಕ್ಕೆ ಅಂತ ಆ ರೂಮಿಗೆ ನುಗ್ಗಿದರು. ನಮ್ಮ ಮ್ಯಾನೇಜರ್ ಉತ್ತರ ಇಂಗ್ಲೆಂಡಿನವರು, ಮುಖ ಯಾವಾಗಲೂ ಕೆಂಪು, ಬೈಗುಳ ಶುರುವಾದರೆ ನಿಲ್ಲುವುದಿಲ್ಲ. ಅವತ್ತು ಒಂದು ವಾಕ್ಯ ಬೈದರು, ಬೆವರು ಒರೆಸಿಕೊಂಡರು, ಇನ್ನೊಂದು ಅರ್ಧ ಬೈದರು, ಬೆಂಚಿನ ಮೇಲೆ ಕುಸಿದು ಕೂತರು. "ಹೋಗ್ಲಿ, ಪರವಾಗಿಲ್ಲ, ಲಾಯ್ಕೇ ಆಡ್ತಿದ್ದೀರಿ. ಹೊರಗೆ ಹೋಗುವ" ಅಂದರು.

ಅದರ ನಂತರ ಪ್ರತಿ ಮ್ಯಾಚಿನಲ್ಲೂ ಓಡಿ ಬಂದು ಕಿಟಕಿ ಹಾಕ್ತಿದ್ದವರು ಆ ಇಂಗ್ಲಿಷ್ ಹುಡುಗರೇ.

ಕಾಫಿ ಮುಗಿಯುವ ತನಕ

ಇಲ್ಲಿಯವರು ಕಾಫಿ ಕುಡಿಯುವುದು ಕಾಗದದ ಲೋಟದಲ್ಲಿ, ಟ್ಯೂಬ್ ರೈಲಿಗೆ ಓಡ್ತಾ. ನಮ್ಮ ಬೋಸ್ನಿಯಾದವನದ್ದು ಹಾಗಲ್ಲ. ಉದ್ದ ಹಿಡಿಯ ಪುಟ್ಟ ತಾಮ್ರದ ಪಾತ್ರೆ ಮನೆಯಿಂದ ತಂದು ನನ್ನ ಒಲೆಯ ಮೇಲೆ ಇಡುವುದು, ನೊರೆ ಬರಿಸುವುದು, ಗಸಿ ಕೆಳಗೆ ಕೂರುವ ತನಕ ಕಾಯುವುದು, ಚಿಟಿಕೆಯಷ್ಟು ಬಟ್ಟಲಿಗೆ ಹಾಕುವುದು. ಆಮೇಲೆ ಸಕ್ಕರೆಯ ತುಂಡು ಕಚ್ಚಿಕೊಂಡು ಒಂದೊಂದೇ ಗುಟುಕು. ಆ ಬಟ್ಟಲು ಮುಗಿಯುವಷ್ಟರಲ್ಲಿ ನಾನು ಎರಡು ಕೋಳಿ ಶುಚಿ ಮಾಡಿಯಾಗ್ತಿತ್ತು.

ಅದಕ್ಕೊಂದು ಕಟ್ಟುಪಾಡೂ ಉಂಟು. ಯಾರೇ ಬಂದರೂ ಅವರಿಗೊಂದು ಬಟ್ಟಲು ಕೊಡಲೇಬೇಕು, ಬಂದವರು ಕೂತು ಮುಗಿಸಲೇಬೇಕು, ಜೊತೆಗಾರರ ಬಟ್ಟಲು ಖಾಲಿಯಾಗದೆ ಯಾರೂ ಏಳಬಾರದು. ಎದ್ದರೆ ಮನೆಯವರಿಗೆ ಅವಮಾನ.

ಒಂದು ಶನಿವಾರ ಮ್ಯಾಚಿಗೆ ಮೊದಲು ಮೀಟಿಂಗ್ ಇತ್ತು. ಮ್ಯಾನೇಜರ್ ಬೋರ್ಡಿನ ಮೇಲೆ ಬಾಣ ಗೀಟು ಎಲ್ಲ ಹಾಕಿಟ್ಟು ಕಾಯ್ತಿದ್ದಾರೆ. ಇವ ಇಲ್ಲ. ಇವ ನನ್ನ ಅಡಿಗೆಮನೆಯಲ್ಲಿ ಗೋಲ್‌ಕೀಪರಿನ ಜೊತೆ ಕಾಫಿಗೆ ಕೂತಿದ್ದಾನೆ. ಮ್ಯಾನೇಜರ್ ಅಸಿಸ್ಟೆಂಟ್ ಕೋಚನ್ನು ಕಳಿಸಿದರು, "ಕರ್ಕೊಂಡು ಬಾ" ಅಂತ. ಇವ ಎದ್ದು ಕುರ್ಚಿ ಹಾಕಿ, "ಬನ್ನಿ, ಬನ್ನಿ" ಅಂತ ಒಂದು ಬಟ್ಟಲು ಕೊಟ್ಟ. ಬೇಡ ಅನ್ನಲು ಅವರಿಗೆ ಬಾಯಿ ಬರಲಿಲ್ಲ, ಕೂತರು. ಅವರನ್ನು ಹುಡುಕಿಕೊಂಡು ಫಿಸಿಯೋ ಹುಡುಗಿ ಬಂದಳು. ಅವಳೂ ಕೂತಳು. ಅವಳನ್ನು ಹುಡುಕಿಕೊಂಡು ಇಬ್ಬರು ಡಿಫೆಂಡರುಗಳು. ಹೊಸಬರು ಬಂದಾಗಲೆಲ್ಲ ಹೊಸ ಪಾತ್ರೆ ಒಲೆಗೆ, ಹಾಗಾಗಿ ಹಳಬರೂ ಏಳುವ ಹಾಗಿಲ್ಲ. ನನ್ನ ಅಡಿಗೆಮನೆ ಮದುವೆಯ ಹಿಂದಿನ ದಿನದ ಮನೆಯ ಹಾಗಾಯ್ತು.

ಕೊನೆಗೆ ಬಾಗಿಲಲ್ಲಿ ಕೆಂಪು ಮುಖ. "ಇಲ್ಲಿ ಎಂತ ನಡೀತಾ ಉಂಟು?"

ಇಡೀ ಟೀಮು ಬಟ್ಟಲಿನೊಳಗೆ ಮುಖ ಹಾಕಿತು. ಇವ ಒಬ್ಬ ಮಾತ್ರ ಶಾಂತವಾಗಿ ಕುರ್ಚಿ ಎಳೆದ. "ಕೂತ್ಕೊಳ್ಳಿ ಬಾಸ್. ಸಕ್ಕರೆ ಒಂದಾ, ಎರಡಾ?"

ಮ್ಯಾನೇಜರ್ ಎಲ್ಲರ ಮುಖ ನೋಡಿದರು. ಗಡಿಯಾರ ನೋಡಿದರು. "ಎರಡು" ಅಂದರು.

ಮೀಟಿಂಗ್ ಅಲ್ಲೇ ನಡೆಯಿತು. ಬೋರ್ಡ್ ಇರಲಿಲ್ಲ ಅಂತ ನನ್ನ ಮೇಜಿನ ಮೇಲೆ ಈರುಳ್ಳಿಗಳನ್ನು ನಮ್ಮವರು ಅಂತಲೂ ಟೊಮೆಟೊಗಳನ್ನು ಎದುರಿನವರು ಅಂತಲೂ ಇಟ್ಟು ವಿವರಿಸಿದರು. ಆ ಮ್ಯಾಚ್ ಗೆದ್ದೆವು. ಆದರೆ ಮಾರನೆ ದಿನ ಸಾರಿಗೆ ಹಾಕಲು ಈರುಳ್ಳಿ ಹುಡುಕಿದರೆ ನಮ್ಮ ಸೆಂಟರ್ ಫಾರ್ವರ್ಡ್ ಮ್ಯಾನೇಜರಿನ ಕೋಟಿನ ಜೇಬಿನಲ್ಲಿದ್ದ.

ನಡುವಿನಲ್ಲಿರುವವನು

ನಮ್ಮ ಯಜಮಾನರಿಗೆ ಗೊತ್ತಿರುವುದು ಕ್ರಿಕೆಟ್ ಒಂದೇ. ಒಂದು ಭಾನುವಾರ ಬೋಸ್ನಿಯಾದವನನ್ನೂ ಅವನ ಹೆಂಡತಿ ಮಗಳನ್ನೂ ಊಟಕ್ಕೆ ಕರೆದಿದ್ದೆ. ನೀರು ದೋಸೆ, ಕೋಳಿ ಸುಕ್ಕ. ಅವರು ಬರುವ ಮೊದಲು ಇವರು ನನ್ನನ್ನು ಕೂರಿಸಿ ಕೇಳಿದರು: "ಅಲ್ಲ, ಆ ಮನುಷ್ಯ ಗೋಲು ಹೊಡೆಯುವುದಿಲ್ಲ ಅಂತ ನೀನೇ ಹೇಳ್ತಿ. ಗೋಲು ತಡೆಯುವುದೂ ಬೇರೆಯವರು. ಮತ್ತೆ ಇವನಿಗೆ ಕೆಲಸ ಎಂತ?"

"ನಡುವಿನಲ್ಲಿ ಇರುವುದು. ಹಿಂದಿನವರಿಂದ ಚೆಂಡು ತಗೊಂಡು ಮುಂದಿನವರಿಗೆ ಕೊಡುವುದು" ಅಂದೆ.

"ಅಷ್ಟೇಯಾ? ಅದಕ್ಕೆ ಬೋಸ್ನಿಯಾದಿಂದ ಬರ್ಬೇಕಿತ್ತಾ?"

ಊಟಕ್ಕೆ ಕೂತಾಗ ಬಾಯಿ ಮುಚ್ಚಿಕೊಂಡಿರಿ ಅಂತ ಮೊದಲೇ ಹೇಳಿದ್ದೆ. ಗಂಡಸರಿಗೆ ಹೇಳಿದ್ದು ಯಾವತ್ತು ತಾಗಿದೆ? ದೋಸೆ ಮುಗಿಯುವ ಮೊದಲೇ ಅವನ ಹತ್ತಿರವೇ ಕೇಳಿಬಿಟ್ಟರು. ನಾನು ಮೇಜಿನಡಿಯಲ್ಲಿ ಒದ್ದೆ. ಒದೆ ಅವನ ಹೆಂಡತಿಗೆ ತಾಗಿತು, ಪಾಪ.

ಅವ ಬೇಜಾರು ಮಾಡ್ಕೊಳ್ಳಲಿಲ್ಲ. "ನಿಮ್ಮ ಕೆಲಸ ಎಂತ ಅಂಕಲ್?" ಅಂತ ತಿರುಗಿ ಕೇಳಿದ.

"ನನ್ನದಾ? ವಿಮಾನದಿಂದ ಪೆಟ್ಟಿಗೆ ಬರ್ತದೆ. ಅದನ್ನು ಈ ಬೆಲ್ಟಿನಿಂದ ತೆಗೆದು ಆ ಬೆಲ್ಟಿಗೆ ಹಾಕುವುದು."

"ಪೆಟ್ಟಿಗೆ ನಿಮ್ಮದಾ?"

"ಛೆ, ಅಲ್ಲ."

"ನೀವು ಹಾಕದಿದ್ದರೆ?"

"ಹಾಕದಿದ್ದರೆ ಇಡೀ ಏರ್‌ಪೋರ್ಟಿನಲ್ಲಿ ಬೊಬ್ಬೆ! ಎಲ್ಲರೂ ನಮ್ಮ ತಲೆ ತಿನ್ನಲಿಕ್ಕೆ ಬರ್ತಾರೆ."

"ಸರಿಯಾಗಿ ಹಾಕಿದರೆ ಯಾರಾದ್ರೂ ಬಂದು ಥ್ಯಾಂಕ್ಸ್ ಹೇಳ್ತಾರಾ?"

"ಇಷ್ಟು ವರ್ಷದಲ್ಲಿ ಒಬ್ಬನೂ ಇಲ್ಲ ಮಾರಾಯ" ಅಂತ ಇವರ ಸ್ವರ ಸಣ್ಣಗಾಯ್ತು.

ಅವ ಎದ್ದು ಬಂದು ಇವರ ಕೈ ಕುಲುಕಿದ. "ಅಂಕಲ್, ನೀವೂ ಮಿಡ್‌ಫೀಲ್ಡರ್."

ದೇವರಾಣೆ, ಮದುವೆಯ ದಿನವೂ ಇವರ ಮುಖ ಅಷ್ಟು ಅರಳಿರಲಿಲ್ಲ. ಮಾರನೆ ದಿನದಿಂದ ಕೆಲಸಕ್ಕೆ ಹೊರಡುವಾಗ ಕನ್ನಡಿಯ ಎದುರು ನಿಂತು ತೊಡೆ ಕಾಲು ಎಳೆದು ವ್ಯಾಯಾಮ ಮಾಡ್ಲಿಕ್ಕೆ ಶುರುಮಾಡಿದರು. ವಾರ ಕಳೆಯುವ ಮೊದಲೇ ಸೊಂಟ ಹಿಡ್ಕೊಂಡಿತು. ಜಿಪಿ ಹತ್ತಿರ ಹೋದೆವು. ಡಾಕ್ಟರು "ಹೇಗಾಯ್ತು?" ಅಂತ ಕೇಳಿದರೆ ನಮ್ಮ ಯಜಮಾನರು, "ಫುಟ್‌ಬಾಲ್ ಇಂಜುರಿ" ಅಂದರು.

ದೃಷ್ಟಿ

ಚಳಿಗಾಲದಲ್ಲಿ ಅವನ ಗ್ರಹಚಾರ ಕೆಟ್ಟಿತು. ಹೊಡೆದದ್ದೆಲ್ಲ ಗೋಲಿನ ಕಂಬಕ್ಕೆ. ಒಂದು ಮ್ಯಾಚಿನಲ್ಲಿ ಎಡಗಡೆ ಕಂಬ, ಇನ್ನೊಂದರಲ್ಲಿ ಬಲಗಡೆಯದ್ದು, ಮತ್ತೊಂದರಲ್ಲಿ ಮೇಲಿನ ಅಡ್ಡಕಂಬ. ಅಷ್ಟು ಸಣ್ಣ ಕಂಬಕ್ಕೆ ಅಷ್ಟು ಸರಿಯಾಗಿ ಹೊಡೆಯುವುದು ಬೇಕೆಂದರೂ ಸಾಧ್ಯ ಇಲ್ಲ. "ಅಪ್ಪ ವಿಮಾನ ಹತ್ತಲು ಮನಸ್ಸು ಮಾಡ್ತಿದ್ದಾರೆ ತೇತಾ. ಬಂದು ಎಂತ ನೋಡುವುದು? ಕಂಬವಾ?" ಅಂತ ಮುಖ ಸಣ್ಣ ಮಾಡಿ ಕೂತ.

"ಇದು ದೃಷ್ಟಿ" ಅಂದೆ.

ಅವ ತಟ್ಟನೆ ತಲೆ ಎತ್ತಿದ. ಅವರಲ್ಲೂ ಉಂಟಂತೆ! ಅವನ ಅಜ್ಜಿ ಸೀಸ ಕರಗಿಸಿ ತಲೆಯ ಮೇಲೆ ಹಿಡಿದ ನೀರಿಗೆ ಹೊಯ್ಯುತ್ತಿದ್ದಳಂತೆ. "ಸೀಸ ಎಲ್ಲ ಬೇಡ ಮಾರಾಯ, ನಮ್ಮದು ಸುಲಭ" ಅಂದೆ. ಉಪ್ಪು, ಒಣಮೆಣಸು ಮುಷ್ಟಿಯಲ್ಲಿ ಹಿಡಿದು ತಲೆಯಿಂದ ಕಾಲಿನ ತನಕ ಇಳಿಸಿ ಬೆಂಕಿಗೆ ಹಾಕುವುದು. ಪಾದ್ರಿಗಳಿಗೆ ಗೊತ್ತಾದರೆ ಬೈತಾರೆ ಅಂತ ಮೊದಲು ಒಂದು ಶಿಲುಬೆಯ ಗುರುತು ಹಾಕಿಕೊಂಡೆ. ಅವನೂ ಕಣ್ಣು ಮುಚ್ಚಿ ಅವರ ಧರ್ಮದ್ದೇನೋ ಹೇಳಿಕೊಂಡ. ಎರಡು ಧರ್ಮದ ಬಲ, ಮೇಲಿನಿಂದ ನಮ್ಮ ಬ್ಯಾಡಗಿ ಮೆಣಸು.

ಈ ಬ್ಯಾಡಗಿ ಖಾರ ಸಾಲದು ಅಂತ ನಾನು ಈಸ್ಟ್ ಹ್ಯಾಮಿನಿಂದ ತಂದ ಗುಂಟೂರು ಮೆಣಸನ್ನೂ ಒಂದು ಮುಷ್ಟಿ ಸೇರಿಸಿದ್ದೆ. ಕಾದ ಕಾವಲಿಗೆ ಹಾಕಿದ್ದೇ ತಡ, ಅಬ್ಬಬ್ಬಾ! ಹೊಗೆ ಎಳೆಯುವ ಫ್ಯಾನನ್ನು ಇವ ಗಾಳಿಯ ಹೆದರಿಕೆಗೆ ಆಫ್ ಮಾಡಿಟ್ಟಿದ್ದ. ಘಾಟು ಕಾರಿಡಾರಿಗೆ ಹೋಯಿತು, ಜಿಮ್ಮಿಗೆ ಹೋಯಿತು, ಆಫೀಸಿಗೆ ಹೋಯಿತು. ಕೊಂಯ್ ಅಂತ ಫೈರ್ ಅಲಾರಂ. ಇಡೀ ಕ್ಲಬ್ಬು ಕೆಮ್ಮುತ್ತಾ ಸೀನುತ್ತಾ ಕಾರ್ ಪಾರ್ಕಿಗೆ ಓಡಿತು. ಸ್ನಾನಕ್ಕೆ ಹೋದವರು ಟವಲಿನಲ್ಲಿ ನಡುಗುತ್ತಾ ನಿಂತರು. ಎರಡು ಫೈರ್ ಎಂಜಿನ್ ಬಂತು. ಅವರು ಒಳಗೆ ಹೋಗಿ, ಕಣ್ಣು ಒರೆಸಿಕೊಳ್ತಾ ಕಾವಲಿ ಹಿಡಿದುಕೊಂಡು ಹೊರಗೆ ಬಂದರು.

"ಇದೆಂಥದ್ದು?" ಅಂತ ಮ್ಯಾನೇಜರ್ ಗರ್ಜಿಸಿದರು.

ಇನ್ನು ಅಡಗಿಸಿ ಪ್ರಯೋಜನ ಇಲ್ಲ ಅಂತ ನಾನು ಎಲ್ಲ ವಿವರಿಸಿದೆ. ದೃಷ್ಟಿ ತಾಗಿದ್ದರೆ ಮೆಣಸು ಸುಟ್ಟಾಗ ಘಾಟೇ ಬರುವುದಿಲ್ಲ. ಘಾಟು ಬಂದರೆ ದೃಷ್ಟಿ ಇಲ್ಲ ಅಂತ ಅರ್ಥ. ಕೆಮ್ಮುತ್ತಿದ್ದ ಅಷ್ಟೂ ಜನರ ಎದುರು ನಾನು ಸಂತೋಷದಿಂದಲೇ ಹೇಳಿದೆ: "ಒಳ್ಳೆ ಸುದ್ದಿ! ಇವನಿಗೆ ಯಾವ ದೃಷ್ಟಿಯೂ ತಾಗಲಿಲ್ಲ."

"ಹಾಗಾದರೆ ನಾನು ಕಂಬಕ್ಕೆ ಯಾಕೆ ಹೊಡೀತಿದ್ದೇನೆ?" ಅಂತ ಇವ ದೀನನಾಗಿ ಕೇಳಿದ.

ಮ್ಯಾನೇಜರ್ ಕಣ್ಣೀರು ಒರೆಸಿಕೊಂಡು ಹೇಳಿದರು: "ಯಾಕಂದರೆ ನಿನಗೆ ಗುರಿ ಇಲ್ಲ. ಅದನ್ನು ಹೇಳ್ಲಿಕ್ಕೆ ಫೈರ್ ಬ್ರಿಗೇಡ್ ಬೇಕಿರಲಿಲ್ಲ, ನನ್ನನ್ನು ಕೇಳಿದರೆ ಸಾಕಿತ್ತು."

ಮಗಳ ಉತ್ತರ

ಅವನ ಮಗಳೂ ನನ್ನ ಮಗನೂ ಒಂದೇ ಜಾತಿ. ಅಪ್ಪ ಬೋಸ್ನಿಯಾದ ಭಾಷೆಯಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲಿ. ನಾನು ಕೊಂಕಣಿಯಲ್ಲಿ ಬೈದರೆ ನನ್ನವನ ಸಮಜಾಯಿಷಿ ಇಂಗ್ಲಿಷಿನಲ್ಲಿ. ಬೈಗುಳ ಮಾತ್ರ ಇಬ್ಬರಿಗೂ ಪೂರ್ತಿ ಅರ್ಥ ಆಗ್ತದೆ.

ಒಂದು ಮ್ಯಾಚಿನ ಹೊತ್ತಿಗೆ ಅವಳ ಕ್ಲಾಸಿನ ಒಬ್ಬ ಹುಡುಗಿ ಬಂದಿದ್ದಳು. "ನಿನ್ನ ಡ್ಯಾಡಿ ಒಂದು ಗೋಲೂ ಹೊಡೆಯುವುದಿಲ್ವಲ್ಲ" ಅಂತ ಕುಟುಕಿದಳು. ಪಕ್ಕದಲ್ಲಿದ್ದ ನನಗೆ ಆ ಪುಟ್ಟ ಪಿಶಾಚಿಯ ಕಿವಿ ಹಿಂಡುವಷ್ಟು ಕೋಪ ಬಂತು. ಆದರೆ ಮಗಳು ಚಿಪ್ಸ್ ತಿನ್ನುತ್ತಾ, ತಲೆ ಕೂಡ ಎತ್ತದೆ ಹೇಳಿದಳು: "ಗೋಲು ಯಾರು ಬೇಕಾದರೂ ಹೊಡೀತಾರೆ. ನನ್ನ ಡ್ಯಾಡಿ ಮಾಡುವುದು ಅದರ ಹಿಂದಿನದ್ದು."

"ಅದನ್ನು ಯಾರು ಲೆಕ್ಕ ಇಡ್ತಾರೆ?"

"ಮಮ್ಮಿ" ಅಂದಳು.

ಅಪ್ಪ ಬಂದರು

ಸೀಜನ್ನಿನ ಕೊನೆಯ ಮ್ಯಾಚ್, ಅವನ ಜೀವನದ್ದೂ ಕೊನೆಯದ್ದು. ಗೋಲು ಇನ್ನೂ ಇಲ್ಲ. ಕೊನೆಯ ಮ್ಯಾಚಿಗೂ ಬರದಿದ್ದರೆ ಇನ್ನು ಮಾತಾಡುವುದಿಲ್ಲ ಅಂತ ಮೊಮ್ಮಗಳು ಫೋನಿನಲ್ಲಿ ಹೆದರಿಸಿದ್ದಕ್ಕೆ ಅಪ್ಪ ವಿಮಾನ ಹತ್ತಿ ಬಂದುಬಿಟ್ಟಿದ್ದರು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದ ಭಾರೀ ಆಳು, ಪೊದೆ ಮೀಸೆ, ಮದುವೆಗೆ ಹಾಕುವಂಥ ಕೋಟು. ಒಂದಕ್ಷರ ಇಂಗ್ಲಿಷ್ ಇಲ್ಲ.

ಬೆಳಿಗ್ಗೆಯೇ ಇವ ನನ್ನ ಎರಡೂ ಕೈ ಹಿಡಿದುಕೊಂಡ. "ತೇತಾ, ನೀವು ಅಪ್ಪನ ಪಕ್ಕ ಕೂತ್ಕೊಳ್ಬೇಕು. ಒಂದೇ ಕೆಲಸ. ಅವರ ಮುಖ ಮೈದಾನದ ಕಡೆ ಇರ್ಬೇಕು."

"ಹೆದರ್ಬೇಡ ಮಗಾ, ಇದು ಕೋಳಿ ಹಿಡಿದ ಕೈ" ಅಂದೆ.

ಕೋಳಿ ಸುಲಭ, ಮಾರಾಯ್ರೆ. ಮಗನ ಕಾಲಿಗೆ ಚೆಂಡು ಸಿಕ್ಕಿ ಗೋಲಿನ ಕಡೆ ಹೊರಟ ಅಂದರೆ ಈ ಮುದುಕರು ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಗಂಭೀರವಾಗಿ ಹಿಂದೆ ತಿರುಗಿ ನಿಲ್ತಿದ್ದರು. ಹಿಂದಿನ ಸಾಲಿನಲ್ಲಿ ಗಂಡ ಹೆಂಡತಿ ಇಬ್ಬರು ಇಂಗ್ಲಿಷಿನವರು. ಇವರು ತಮ್ಮನ್ನೇ ದಿಟ್ಟಿಸಿ ನೋಡುವುದು ಯಾಕೆ ಅಂತ ಅವರಿಗೆ ಗೊತ್ತಾಗಲಿಲ್ಲ. ಹಸಿವಾಗಿರಬೇಕು ಅಂತ ಚಿಪ್ಸ್ ಮುಂದೆ ಹಿಡಿದರು. ಇವರು ಎದೆಗೆ ಕೈ ಇಟ್ಟು ನಮಸ್ಕಾರ ಮಾಡಿ ಒಂದು ತಗೊಂಡರು. ನಾನು ಕೋಟು ಎಳೆಯುವುದು, ಮೊಮ್ಮಗಳು ತೋಳು ಎಳೆಯುವುದು, ಇವರು ಚಿಪ್ಸ್ ತಿನ್ನುವುದು. ಅರ್ಧ ಆಟ ಹೀಗೇ ಹೋಯಿತು.

ಆಟ ಮುಗಿಯಲು ಇನ್ನೇನು ಸ್ವಲ್ಪ ಉಂಟು ಅನ್ನುವಾಗ ನಮಗೆ ಪೆನಾಲ್ಟಿ ಸಿಕ್ಕಿತು. ಯಾವಾಗಲೂ ಹೊಡೆಯುವ ಹುಡುಗ ಚೆಂಡನ್ನು ತಂದು ನಮ್ಮವನ ಕೈಗೆ ಕೊಟ್ಟ. ಇಡೀ ಸ್ಟ್ಯಾಂಡು ಎದ್ದು ನಿಂತಿತು. ಇದಕ್ಕಿಂತ ಒಳ್ಳೆ ಅವಕಾಶ ಎಲ್ಲಿ ಉಂಟು? ಎದುರಿಗೆ ಗೋಲ್‌ಕೀಪರ್ ಒಬ್ಬನೇ!

ಅಪ್ಪ ಆಗಲೇ ಬೆನ್ನು ತಿರುಗಿಸಿಯಾಗಿತ್ತು. ನಾನು ದೇವರ ಮೇಲೆ ಭಾರ ಹಾಕಿ, ಎರಡೂ ಭುಜ ಹಿಡಿದು, ಕಡೆಯುವ ಕಲ್ಲು ತಿರುಗಿಸಿದ ಹಾಗೆ ತಿರುಗಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ಮೊಮ್ಮಗಳು ಎರಡು ಬೆರಳಿನಿಂದ ರೆಪ್ಪೆ ಬಿಡಿಸಿದಳು. ಅಂತೂ ನೋಡಿದರು.

ಇವ ಓಡಿ ಬಂದ. ಹೊಡೆದ. ಕೀಪರ್ ಹಾರಿದ. ಚೆಂಡು ಅವನ ಕೈಗೆ ತಾಗಿ ಹೊರಗೆ ಹೋಯಿತು.

ಅಯ್ಯೋ ದೇವರೇ! ಅಪ್ಪ ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದರು. ಅದಕ್ಕೆ ಭಾಷೆ ಬೇಕಿರಲಿಲ್ಲ. ಭುಜದ ಮೇಲಿನ ನನ್ನ ಕೈಯನ್ನು ತೆಗೆದು ಬದಿಗಿಟ್ಟರು. ಮತ್ತೆ ಬೆನ್ನು ತಿರುಗಿಸಿ, ಕೈ ಕಟ್ಟಿ ನಿಂತರು. ಇನ್ನೊಮ್ಮೆ ಮುಟ್ಟಲಿಕ್ಕೆ ನನಗೆ ಧೈರ್ಯ ಇರಲಿಲ್ಲ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುವ ಅನ್ನಿಸಿತು.

ಹೊರಗೆ ಹೋದ ಚೆಂಡಿಗೆ ಕಾರ್ನರ್ ಕಿಕ್ ಕೊಟ್ಟರು. ಮೂಲೆಯಿಂದ ಚೆಂಡು ಹಾರಿ ಬಂತು, ಯಾರದೋ ತಲೆಗೆ ತಾಗಿ ನಮ್ಮ ದೊಡ್ಡ ಡಿಫೆಂಡರಿನ ಮುಂದೆ ಬಿತ್ತು. ಆ ಹುಡುಗ ಎಮ್ಮೆಯಷ್ಟು ಬಲದವ. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒದ್ದ. ಚೆಂಡು ಗೋಲಿನ ಕಡೆಗೂ ಹೋಗಲಿಲ್ಲ, ಎತ್ತಲೋ ಹೊರಟಿತು. ದಾರಿಯಲ್ಲಿ ನಿಂತದ್ದು ನಮ್ಮವ. ಮುಖಕ್ಕೇ ಬರುವ ಚೆಂಡನ್ನು ನೋಡಿ ಅಪ್ಪನ ಮಗ ಎಂತ ಮಾಡಿದ ಗೊತ್ತುಂಟಾ? ಗಪ್ಪನೆ ಬೆನ್ನು ತಿರುಗಿಸಿದ!

ಫಟ್ ಅಂತ ಆದ ಶಬ್ದ ಸ್ಟ್ಯಾಂಡಿಗೆ ಕೇಳಿಸಿತು. ಚೆಂಡು ಅವನ ಕುಂಡೆಗೆ ಬಡಿದು, ದಿಕ್ಕು ಬದಲಿಸಿ, ಕಂಬದ ಪಕ್ಕದಲ್ಲಿ ನಾಜೂಕಾಗಿ ಒಳಗೆ ಹೋಯಿತು. ಕೀಪರ್ ಇನ್ನೂ ಬೇರೆ ಕಡೆ ನೋಡ್ತಿದ್ದ.

ಆಮೇಲೆ ಎಂಥಾ ಬೊಬ್ಬೆ! ಮೈಕಿನಲ್ಲಿ ಇವನ ಹೆಸರು ಕೂಗಿದರು. ಇವ ಹಿಂದೆ ತಿಕ್ಕಿಕೊಳ್ಳುತ್ತಾ, ಎಲ್ಲರೂ ತನ್ನ ಮೇಲೆ ಯಾಕೆ ಬಂದು ಬೀಳ್ತಾರೆ ಅಂತ ಗೊತ್ತಾಗದೆ ನಿಂತಿದ್ದ. ಗೊತ್ತಾದ ಕೂಡಲೇ ನೋಡಿದ್ದು ನಮ್ಮ ಕಡೆ. ಅಲ್ಲಿ ಅವನಿಗೆ ಕಂಡದ್ದು ಅಪ್ಪನ ಬೆನ್ನು.

ಅಷ್ಟರಲ್ಲಿ ಮೊಮ್ಮಗಳು ಅಜ್ಜನ ಕಿವಿಯಲ್ಲಿ ಕಿರುಚಿದಳು. ಅವರು ತಿರುಗಿದರು. ಬಲೆಯೊಳಗಿನ ಚೆಂಡು ನೋಡಿದರು, ರಾಶಿಬಿದ್ದ ಜನರ ಅಡಿಯಲ್ಲಿ ಮಗನ ಕಾಲು ನೋಡಿದರು. ಆ ಭಾರೀ ಮನುಷ್ಯ ಎರಡೂ ಕೈ ಎತ್ತಿ ಗಳಗಳ ಅತ್ತರು. ನನ್ನನ್ನು ಅಪ್ಪಿಕೊಂಡರು, ಹಿಂದಿನ ಸಾಲಿನ ಗಂಡ ಹೆಂಡತಿಯನ್ನೂ ಅಪ್ಪಿಕೊಂಡರು. ಗೋಲು ಹೇಗಾಯ್ತು ಅಂತ ಮಾತ್ರ ಯಾರನ್ನೂ ಕೇಳಲಿಲ್ಲ.

ಮ್ಯಾಚಾದ ಮೇಲೆ ಊಟದ ಹಾಲಿನಲ್ಲಿ ಎಲ್ಲರಿಗೂ ಬಡಿಸಿದೆ. ಆಟಗಾರರು, ಅವರ ಮನೆಯವರು, ಎಲ್ಲ ಇದ್ದರು. ಅಪ್ಪ ನಡುವೆ ನಿಂತು ಕೈ ಬೀಸಿ ಬೀಸಿ ಹೇಳಲು ಶುರುಮಾಡಿದರು. ಮೊಮ್ಮಗಳು ಇಂಗ್ಲಿಷ್ ಮಾಡಿ ಹೇಳ್ತಿದ್ದಳು.

"ಚೆಂಡು ಅಷ್ಟು ಮೇಲಿನಿಂದ ಬಂತು. ನನ್ನ ಮಗ ಎದೆಯಲ್ಲಿ ಇಳಿಸಿಕೊಂಡ. ಒಬ್ಬನನ್ನು ದಾಟಿದ. ಎಡಗಾಲು ಎತ್ತಿದ. ಹೊಡೆದ ನೋಡಿ, ಮೇಲಿನ ಮೂಲೆಗೆ! ನಾನು ಕಣ್ಣಾರೆ ನೋಡಿದೆ."

ಅಲ್ಲಿದ್ದ ಪ್ರತಿಯೊಬ್ಬರೂ ನಿಜವಾದ ಗೋಲು ನೋಡಿದವರು. ಚೆಂಡು ಒದ್ದ ಡಿಫೆಂಡರ್ ನಗು ತಡೆಯಲಿಕ್ಕೆ ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡ. ಮೊಮ್ಮಗಳು ಮಾತು ನಿಲ್ಲಿಸಿ ತನ್ನ ಅಪ್ಪನ ಮುಖ ನೋಡಿದಳು. ಇವ ಒಂದು ಕಣ್ಣು ಮಿಟುಕಿಸಿದ. ಅವಳು ಗಂಟಲು ಸರಿಮಾಡಿಕೊಂಡು ಎಲ್ಲ ಹೇಳಿದಳು. ಒಬ್ಬನನ್ನು ದಾಟಿದ ಅಂತ ಅಜ್ಜ ಹೇಳಿದ್ದನ್ನು ಇಬ್ಬರನ್ನು ಅಂತ ಮಾಡಿದಳು.

ಆಗಲೇ ಗೋಡೆಯ ಟಿವಿಯಲ್ಲಿ ಮ್ಯಾಚಿನ ತುಣುಕುಗಳು ಶುರುವಾಗಬೇಕಾ! ಕಾರ್ನರ್ ಹೊಡೆಯುವವ ಮೂಲೆಗೆ ಹೋಗ್ತಿದ್ದ. ನನ್ನ ಕೈಯ ಸೌಟು ಕೆಳಗೆ ಬಿತ್ತು. ಮ್ಯಾನೇಜರ್ ತಟ್ಟೆ ಹಿಡಿದುಕೊಂಡೇ ನಡೆದು ಹೋಗಿ ಪ್ಲಗ್ ಕಿತ್ತು ಹಾಕಿದರು.

ಅಪ್ಪ ಅವರ ತೋಳು ಹಿಡಿದರು. "ನೀವೂ ನೋಡಿದ್ರಲ್ಲ? ಹೇಗಿತ್ತು?"

ಮ್ಯಾನೇಜರ್ ಎದೆಯ ಮೇಲೆ ಕೈ ಇಟ್ಟರು. "ಸರ್, ನಾನು ಇಡೀ ಆಯುಷ್ಯ ಫುಟ್‌ಬಾಲಿನಲ್ಲೇ ಕಳೆದವ. ನಿಮ್ಮ ಮಗ ಇವತ್ತು ಹೊಡೆದಂಥ ಗೋಲು ನಾನು ನನ್ನ ಜನ್ಮದಲ್ಲಿ ನೋಡಿಲ್ಲ."

ಅಪ್ಪ ಮಗನನ್ನು ಬಾಚಿ ತಬ್ಬಿಕೊಂಡರು. "ಕೊನೆಗೂ ನೋಡಿದೆ ಮಗಾ. ಕೊನೆಗೂ ನೋಡಿದೆ" ಅಂತ ಹೇಳಿದ್ದನ್ನೇ ಹೇಳ್ತಿದ್ದರು. "ಹೌದಪ್ಪಾ, ಎಡಗಾಲೇ" ಅಂತ ಇವ ಅವರ ಭುಜದಲ್ಲಿ ಮುಖ ಅಡಗಿಸಿದ. ನಗಾಡ್ತಿದ್ದನೋ ಅಳ್ತಿದ್ದನೋ ಗೊತ್ತಾಗಲಿಲ್ಲ. ನಾನಂತೂ ಎರಡೂ ಮಾಡ್ತಿದ್ದೆ.

ಆಮೇಲೆ ಅಪ್ಪ ಮಗನಿಗೆ ತಾವೇ ಬಡಿಸಿಕೊಂಡು ತಂದರು, ಕುರ್ಚಿ ಎಳೆದು ಕೈಯಿಂದ ಒರೆಸಿ ಹಾಕಿದರು. "ಕೂತ್ಕೋ ಮಗಾ. ಆ ಎಡಗಾಲು ಎಷ್ಟು ನೋಯ್ತಾ ಉಂಟೋ ಏನೋ."

ಇವ ಕುರ್ಚಿ ನೋಡಿದ. ಮೆಲ್ಲ ಹಿಂದೆ ಮುಟ್ಟಿ ನೋಡಿಕೊಂಡ.

"ಬೇಡ ಅಪ್ಪಾ" ಅಂದ. "ನಾನು ನಿಂತೇ ತಿನ್ತೇನೆ."